ಕನ್ನಡವರಿಯದವರಿಗೆ ಕನ್ನಡ ಶಾಲೆಯೇ?

ಪುಷ್ಯಮಾಸದ ಚಳಿಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಕೂಡುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿ ಹೋರಿಯನ್ನು ಕೊಳ್ಳಬಂದ ರೈತನು ಕಣ್ಣು ಮುಚ್ಚಿಕೊಂಡು ಹಣವೆಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಯಿಸಿ ಕಾಲು ನೋಡುತ್ತಾನೆ. ಆಂಧ್ರ ಸೀಮೆಯವರೂ ತಮಿಳು ಸೀಮೆಯವರೂ ಅಲ್ಲಿಗೆ ಬರುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೇನು? ವಸ್ತ್ರದ ಮರೆಯಲ್ಲಿ ಬೆರಳು ಹಿಡಿದರೆ ಬೆಲೆ ಗೊತ್ತಾಗುತ್ತದೆ. ಎತ್ತಿನ ವ್ಯಾಪಾರವು ಮಾತಿಲ್ಲದೆಯೂ ನಡೆಯಬಲ್ಲುದು. ಮಗುವಿನ ಪಾಠವು ನಡೆಯಬಲ್ಲುದೆ? ಬೆರಳು ಹಿಡಿದು ಭಿನ್ನರಾಶಿಯನ್ನು ತಿಳಿಯಹೇಳುವ ಉಪಾಧ್ಯಾಯನು ಎಲ್ಲಿಯಾದರೂ ಇದ್ದಾನೆಯೆ?

ಈ ಪ್ರಶ್ನೆಯನ್ನು ನಾವು ವಿನೋದಕ್ಕಾಗಿ ಕೇಳುತ್ತಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಇದನ್ನು ಕಣ್ಣೀರಿನಿಂದ ಕೇಳುತ್ತಿದ್ದಾರೆ. ಕನ್ನಡ ಮಾಧ್ಯಮದ ಹುದ್ದೆಗಳೆಂದು ಕೇರಳದ ಲೋಕಸೇವಾ ಆಯೋಗವು ಪ್ರತ್ಯೇಕವಾಗಿಯೇ ಪ್ರಕಟಿಸುತ್ತದೆ. ಆದರೆ ಆ ಹುದ್ದೆಗೆ ಬಂದು ಕುಳಿತವರಲ್ಲಿ ಕೆಲವರಿಗೆ ಕನ್ನಡವೇ ಬಾರದೆಂಬ ದೂರು ಮತ್ತೆ ಮತ್ತೆ ಎದ್ದಿದೆ. 2023ರಲ್ಲಿ ಅಡೂರಿನ ಸರಕಾರಿ ಶಾಲೆಯ ವಿದ್ಯಾರ್ಥಿಗಳೂ ಪೋಷಕರೂ ಇಂಥದೊಂದು ನೇಮಕದ ವಿರುದ್ಧ ಪ್ರತಿಭಟಿಸಬೇಕಾಯಿತು. ಪುಸ್ತಕ ಕನ್ನಡದ್ದು, ಪರೀಕ್ಷೆ ಕನ್ನಡದ್ದು, ಮಗುವಿನ ನಾಲಗೆ ಕನ್ನಡದ್ದು. ಪಾಠ ಹೇಳುವವರ ಮಾತು ಮಾತ್ರ ಬೇರೆ!

ನಮ್ಮ ದೇಶದಲ್ಲಿ ಉಪಾಧ್ಯಾಯರ ಅರ್ಹತೆಗೆ ನಿಯಮವಿಲ್ಲವೆಂದು ಯಾರೂ ಭಾವಿಸಬಾರದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಆಧಾರದ ಮೇಲೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2010ರಲ್ಲಿ ಕನಿಷ್ಠ ಅರ್ಹತೆಗಳನ್ನು ಗೊತ್ತುಪಡಿಸಿತು. ಪದವಿಪೂರ್ವ ವ್ಯಾಸಂಗ, ಎರಡು ವರ್ಷಗಳ ತರಬೇತಿ, ಅದರ ಮೇಲೆ ಅರ್ಹತಾ ಪರೀಕ್ಷೆ. ಇವೆಲ್ಲವೂ ಐದನೆಯ ತರಗತಿಯವರೆಗಿನ ಉಪಾಧ್ಯಾಯನಿಗೆ ಬೇಕು. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 60 ಅಂಕ ಬರದವನು ಹೊರಗೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಇನ್ನೂ ಬಿಗಿಯಾದ ತೀರ್ಪನ್ನಿತ್ತಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವುಳ್ಳವರು, ಎಷ್ಟೇ ವರ್ಷ ಪಾಠ ಹೇಳಿದ್ದರೂ, ಎರಡು ವರ್ಷದೊಳಗೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದಿತು. ನರೆತ ತಲೆಯ ಮೇಷ್ಟ್ರನ್ನೂ ಪರೀಕ್ಷೆಯ ಮಣೆಗೆ ಕರೆತರುವಷ್ಟು ಕಟ್ಟುನಿಟ್ಟು ಅರ್ಹತೆಯ ವಿಷಯದಲ್ಲಿ ಇರುವಾಗ, ಭಾಷೆಯ ವಿಷಯದಲ್ಲಿ ಮಾತ್ರ ಈ ಔದಾರ್ಯವೇಕೆ?

ಅದೂ ಅಲ್ಲದೆ, ಅರ್ಹತಾ ಪರೀಕ್ಷೆಯ ಮಾರ್ಗಸೂಚಿಯೇ ಮೊದಲನೆಯ ಭಾಷೆಯ ಪತ್ರಿಕೆಯು ಬೋಧನ ಮಾಧ್ಯಮದ ಪ್ರಾವೀಣ್ಯವನ್ನು ಅಳೆಯಬೇಕೆಂದು ಹೇಳುತ್ತದೆ. ಬೋಧನೆಯ ಭಾಷೆ ಬಲ್ಲವನೇ ಬೋಧಿಸಬೇಕೆಂಬುದು ನಮ್ಮ ಹಟವಲ್ಲ. ನಿಯಮದ ಹುರುಳೇ ಅದು. ಅಂಗನವಾಡಿಯ ಕಾರ್ಯಕರ್ತೆಯನ್ನೂ ಅವಳ ಸಹಾಯಕಿಯನ್ನೂ ಆಯಾ ಊರಿನವರಿಂದಲೇ ಆರಿಸುವ ಪದ್ಧತಿಯಿದೆ. ಎಳೆಯ ಕೂಸಿನ ಮಾತು ತಿಳಿದವಳೇ ಕೂಸನ್ನು ನೋಡಿಕೊಳ್ಳಲೆಂಬ ವಿವೇಕ ಅದರಲ್ಲಿದೆ. ಅದೇ ಕೂಸು ಮರುವರ್ಷ ಒಂದನೆಯ ತರಗತಿಯ ಹೊಸ್ತಿಲು ದಾಟಿದೊಡನೆ ಆ ವಿವೇಕವು ಎಲ್ಲಿ ಅಡಗಿಹೋಗುತ್ತದೆ?

“ನೇಮಕವಾದ ಮೇಲೆ ಕನ್ನಡ ಕಲಿಯಲಿ, ಅದರಲ್ಲೇನು?” ಎನ್ನುವವರಿದ್ದಾರೆ. ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಉಪಾಧ್ಯಾಯರಿಗೆ 10 ತಿಂಗಳ ಭಾಷಾ ತರಬೇತಿ ಕೊಡುವುದನ್ನು ನಾವು ಬಲ್ಲೆವು; ಆ ಕಾರ್ಯವು ಶ್ಲಾಘ್ಯವೇ. ಹೊರಗಿನವರು ನಮ್ಮ ನುಡಿಯನ್ನು ಕಲಿತರೆ ನಮಗೆ ಸಂತೋಷವೇ ಹೊರತು ಮತ್ಸರವಿಲ್ಲ. ಆದರೆ ಸಂತೆಯಲ್ಲಿ ಮಾತಾಡುವಷ್ಟು ಕನ್ನಡ ಬೇರೆ, ಏಳು ವರ್ಷದ ಮಗು ತಪ್ಪಿ ಹೇಳಿದ ಮಾತಿನಲ್ಲಿ ಅದರ ತಪ್ಪು ತಿಳಿವಳಿಕೆ ಯಾವುದೆಂದು ಹಿಡಿಯುವಷ್ಟು ಕನ್ನಡ ಬೇರೆ. ಉಪಾಧ್ಯಾಯನು ಕಲಿತು ಮುಗಿಸುವವರೆಗೆ ಮಗುವಿನ ವರ್ಷವು ಕಾದು ನಿಲ್ಲುವುದೆ? ಈಜು ಕಲಿತವನು ದೋಣಿಗೆ ಹುಟ್ಟು ಹಾಕಲಿ. ಜನರನ್ನು ನಡುಹೊಳೆಗೆ ಕೊಂಡೊಯ್ದ ಮೇಲೆ ಕಲಿಯುವುದು ಬೇಡ.

ಕನ್ನಡ ಬಾಂಧವರೇ, ಇದು ಹೊಸ ಗಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಕರ್ನಾಟಕದ ಕನ್ನಡ ಮಕ್ಕಳಿಗೆ ಮರಾಠಿಯ ಶಾಲೆಗಳೇ ಗತಿಯಾಗಿದ್ದಾಗ ಡೆಪ್ಯುಟಿ ಚೆನ್ನಬಸಪ್ಪನವರು ಏನು ಮಾಡಿದರು? ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಬಲ್ಲ ಉಪಾಧ್ಯಾಯರನ್ನು ತಯಾರಿಸಿದರು. ಶಾಲೆಯ ಹಲಗೆಯ ಮೇಲೆ ಕನ್ನಡವೆಂದು ಬರೆದರೆ ಸಾಲದು, ಹಲಗೆಯ ಕೆಳಗೆ ನಿಂತವನ ಬಾಯಲ್ಲಿ ಕನ್ನಡವಿರಬೇಕೆಂಬುದನ್ನು ಅವರು ಅರಿತಿದ್ದರು. ಏಕೀಕರಣದ ಬೀಜವು ಬಿದ್ದುದು ಸಭಾಮಂಟಪಗಳಲ್ಲಲ್ಲ, ಅಂಥ ಶಾಲೆಗಳಲ್ಲಿ. ಕಾಸರಗೋಡಿನಲ್ಲಿ ಆ ಹಣತೆಯನ್ನು ಕಾಪಾಡಿದ ಕಯ್ಯಾರ ಕಿಞ್ಞಣ್ಣ ರೈಗಳೂ ಪೆರಡಾಲದ ಶಾಲೆಯ ಮೇಷ್ಟ್ರೇ ಆಗಿದ್ದರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು 350-ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದಿತು. ನೆಲವನ್ನು ತೆಗೆದುಕೊಂಡ ದಿನವೇ ಕೊಟ್ಟ ಮಾತು ಅದು. ಚಂದ್ರಗಿರಿಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿತು. ಆ ವರದಿಯು ಕಡತದಲ್ಲಿಯೇ ಉಳಿಯಿತು. ಗಡಿಯ ಮಾತು ಬಗೆಹರಿಯುವವರೆಗೆ ಮಕ್ಕಳ ಪಾಠವೂ ಕಾಯಬೇಕೆ? ಕನ್ನಡ ಬಾರದ ಉಪಾಧ್ಯಾಯನನ್ನು ಕೊಟ್ಟು ಕನ್ನಡ ಶಾಲೆ ನಡೆಸುತ್ತಿದ್ದೇವೆನ್ನುವುದು ಅನುಕೂಲವಲ್ಲ, ಅನುಕೂಲದ ಅಣಕ.

ಇನ್ನು ನಮ್ಮ ಮನೆಯ ಕಡೆಗೂ ನೋಡಿಕೊಳ್ಳೋಣ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸಿ, ವರ್ಷಾಂತ್ಯಕ್ಕೆ ಅವರನ್ನು ಮನೆಗೆ ಕಳುಹಿಸುವ ಪದ್ಧತಿ ನಡೆದಿದೆ. ಮನೆಯ ದೀಪ ಹಚ್ಚುವವರನ್ನೇ ಅತಿಥಿಗಳೆಂದು ಕರೆದು ಜಗಲಿಯ ಮೇಲೆ ಕೂರಿಸಿದರೆ ಮನೆ ಬೆಳಗೀತೆ? ನಮ್ಮ ರಾಜ್ಯದಲ್ಲಿ ಮರಾಠಿ, ಉರ್ದು, ತೆಲುಗು, ತಮಿಳು ಮಾಧ್ಯಮದ ಶಾಲೆಗಳೂ ಇವೆ. ಕಾಸರಗೋಡಿನ ಕನ್ನಡ ಮಗುವಿಗೆ ನಾವು ಕೇಳುವ ನ್ಯಾಯವನ್ನು ಬೆಳಗಾವಿಯ ಮರಾಠಿ ಮಗುವಿಗೆ ಕೊಡದಿದ್ದರೆ ನಮ್ಮ ಮಾತಿಗೆ ತೂಕವೆಲ್ಲಿಯದು?

ನಮ್ಮ ಬೇಡಿಕೆ ಸರಳವಾಗಿದೆ. ಕನ್ನಡ ಮಾಧ್ಯಮದ ಹುದ್ದೆಯನ್ನು ಬಯಸುವವನು ಆಯ್ಕೆಯ ಪಟ್ಟಿಗೆ ಏರುವ ಮೊದಲೇ ಕನ್ನಡದಲ್ಲಿ ಬರೆದೂ ಮಾತಾಡಿಯೂ, ಒಂದು ಪಾಠವನ್ನು ಹೇಳಿಯೂ ತೋರಿಸಲಿ. ಪರೀಕ್ಷಿಸುವವರು ಕನ್ನಡ ಬಲ್ಲವರಾಗಿರಲಿ. ದಿನಗೂಲಿಯ ಉಪಾಧ್ಯಾಯನಿಗೂ ತರಗತಿಯ ಸಹಾಯಕನಿಗೂ ಈ ನಿಯಮವೇ ಅನ್ವಯಿಸಲಿ. ಭಾಷಾ ತರಬೇತಿಯು ನೇಮಕಕ್ಕೆ ಮುಂಚೆ ಮುಗಿಯಲಿ. ಕರ್ನಾಟಕ ಸರಕಾರವು ಇದನ್ನು ಮೊದಲು ತನ್ನ ಅಲ್ಪಸಂಖ್ಯಾತ ಭಾಷೆಗಳ ಶಾಲೆಗಳಲ್ಲಿ ಆಚರಿಸಿ, ಆಮೇಲೆ ಕೇರಳ ಸರಕಾರದ ಮುಂದೆ ತಲೆಯೆತ್ತಿ ಕೇಳಲಿ.

ಘಾಟಿಯ ಜಾತ್ರೆಯಲ್ಲಿ ಹಲ್ಲು ನೋಡದೆ ಎತ್ತು ತಂದವನನ್ನು ಊರೆಲ್ಲ ನಗುತ್ತದೆ. ಅವನ ನಷ್ಟ ಒಂದು ಜೋಡಿ ಎತ್ತಿನ ಬೆಲೆಯಷ್ಟೇ. ಮುಂದಿನ ವರ್ಷದ ಜಾತ್ರೆಯಲ್ಲಿ ಅದನ್ನು ತುಂಬಿಕೊಳ್ಳಬಹುದು. ನಾಲಗೆ ನೋಡದೆ ಉಪಾಧ್ಯಾಯನನ್ನು ತಂದ ಸರಕಾರವು ಕಳೆಯುವುದು ಮಗುವಿನ ಬಾಲ್ಯವನ್ನು. ಅದನ್ನು ಯಾವ ಜಾತ್ರೆಯಲ್ಲಿ ಕೊಂಡು ತರೋಣ?