ನವಸಾರಿಯ ಡಾಕ್ಟರಿಗೆ ಒಂದು ಕಪ್ಪೂ ಇಲ್ಲ

ಸೂರತ್‌ನ ಪಾಂಡೇಸರಾದಲ್ಲಿ ರಜೆಯ ದಿನ ಖಾಲಿ ಜಾಗ ಹುಡುಕುವುದು ಕಷ್ಟ. ಎಲ್ಲಿ ನೋಡಿದರೂ ಡೈಯಿಂಗ್ ಮಿಲ್ಲು, ಪ್ರಿಂಟಿಂಗ್ ಮಿಲ್ಲು, ಬಣ್ಣದ ನೀರಿನ ಮೋರಿ, ಸೀರೆಯ ತಾಕುಗಳನ್ನು ಹೇರಿಕೊಂಡ ಟೆಂಪೋ. ಆದರೂ ನಮ್ಮ ಮಿಲ್ಲಿನ ಹುಡುಗರು ಹೇಗೋ ಒಂದು ಪಟ್ಟಿ ನೆಲ ಹುಡುಕಿ ಟೆನ್ನಿಸ್ ಚೆಂಡಿನಲ್ಲಿ ಆಡುತ್ತಾರೆ. ಒಬ್ಬ ಒಡಿಶಾದ ಗಂಜಾಂನವನು, ಇಬ್ಬರು ಖಾನದೇಶದವರು, ಉಳಿದವರು ಉತ್ತರ ಪ್ರದೇಶ, ಬಿಹಾರದ ಕಡೆಯವರು. ಲೆಕ್ಕಪತ್ರ ನೋಡುವ ನಾನೊಬ್ಬನೇ ಕನ್ನಡದವನು, ಹಾಗಾಗಿ ನನಗೆ ಅಂಪೈರ್ ಕೆಲಸ. ಕಳೆದ ಚಳಿಗಾಲದಲ್ಲಿ ಚಹಾದ ಅಂಗಡಿಯ ಟೀವಿಯಲ್ಲಿ ರಣಜಿ ಪಂದ್ಯದ ಸ್ಕೋರು ಹಾದುಹೋಗುವಾಗ ಅವರಲ್ಲೊಬ್ಬ ಕೇಳಿದ: "ಈ ರಣಜಿ ಯಾವ ಟೀಮಿಗೆ ಆಡ್ತಿದ್ದ?"

ಸಸೆಕ್ಸ್‌ಗೆ ಆಡ್ತಿದ್ದ, ಆಮೇಲೆ ಇಂಗ್ಲೆಂಡಿಗೆ, ಅಂದೆ. ಅವನು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ.

ಅವನ ನಗು ಸರಿಯಾಗಿಯೇ ಇತ್ತು ಎಂದು ಹೇಳಲು ಈ ಪತ್ರ. ನಮ್ಮ ದೇಶದ ಅತಿ ದೊಡ್ಡ ದೇಸೀ ಟ್ರೋಫಿಗೆ ರಣಜಿತ್‌ಸಿಂಹ‌ಜಿಯ ಹೆಸರು ಇರಬಾರದು. ಎರಡನೆಯ ದೊಡ್ಡದಕ್ಕೆ ಅವರ ತಮ್ಮನ ಮಗ ದುಲೀಪ್‌ಸಿಂಹ‌ಜಿಯ ಹೆಸರೂ ಇರಬಾರದು. ಇಬ್ಬರೂ ಸಸೆಕ್ಸ್ ಕೌಂಟಿಯವರು, ಇಬ್ಬರೂ ಇಂಗ್ಲೆಂಡಿನ ಟೆಸ್ಟ್ ಆಟಗಾರರು. ಅಣಜಿ, ಶಿರಾಲಿ, ಕೊಪ್ಪಳದಿಂದ ಬಂದ ಹುಡುಗ ತನ್ನ ರಾಜ್ಯಕ್ಕೆ ಆಡಿ ಗೆದ್ದಾಗ ಎತ್ತಿ ಹಿಡಿಯುವ ಕಪ್ಪು ಒಬ್ಬ ಇಂಗ್ಲಿಷ್ ಕೌಂಟಿ ಕ್ಯಾಪ್ಟನ್‌ನದು ಎಂಬುದು ನಮಗೆ ವಿಚಿತ್ರ ಅನ್ನಿಸುವುದೂ ಇಲ್ಲ.

ಪಾಂಡೇಸರಾದಿಂದ ಉಧನಾ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ನವಸಾರಿ ಸಿಗುತ್ತದೆ. ದಾದಾಭಾಯಿ ನವರೋಜಿಯ ಊರು, ಜಮ್‌ಶೆಟ್‌ಜಿ ಟಾಟಾ ಹುಟ್ಟಿದ ಊರು ಎಂದು ಎಲ್ಲರಿಗೂ ಗೊತ್ತು. 1866ರಲ್ಲಿ ಅದೇ ಊರಿನಲ್ಲಿ ಮೆಹೆಲ್ಲಾಶಾ ಪಾವ್ರಿ ಹುಟ್ಟಿದರು ಎಂದರೆ ನವಸಾರಿಯವರೇ ಯಾರದು ಎಂದು ಕೇಳುತ್ತಾರೆ. ನಾನು ಕೇಳಿ ನೋಡಿದ್ದೇನೆ.

ಪಾವ್ರಿ ವೇಗದ ಬೌಲರ್. 1888ರಲ್ಲಿ ಪಾರ್ಸಿಗಳ ಎರಡನೇ ತಂಡ ಇಂಗ್ಲೆಂಡಿಗೆ ಹೋದಾಗ ಅವರಿಗೆ 21 ವರ್ಷ. ಅದಕ್ಕೂ ಎರಡು ವರ್ಷ ಮೊದಲು ಹೋಗಿದ್ದ ಮೊದಲ ತಂಡ 28 ಪಂದ್ಯ ಆಡಿ ಒಂದನ್ನಷ್ಟೇ ಗೆದ್ದಿತ್ತು, 19 ಸೋತಿತ್ತು. ಎರಡನೇ ತಂಡ 31 ಆಡಿ 8 ಗೆದ್ದಿತು, 11 ಸೋತಿತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಒಬ್ಬನೇ ಮನುಷ್ಯ: ಪಾವ್ರಿ ಆ ಒಂದು ಬೇಸಿಗೆಯಲ್ಲಿ 170 ವಿಕೆಟ್ ಕಿತ್ತರು. ಎದುರಿಗಿದ್ದವು ಬಹುತೇಕ ಕ್ಲಬ್ ತಂಡಗಳು, ನಿಜ. ಆದರೆ ಹೋದದ್ದು ಯಾವ ರಾಜನ ಬೊಕ್ಕಸದಿಂದಲೂ ಅಲ್ಲ, ಗುಮಾಸ್ತರು ವ್ಯಾಪಾರಿಗಳು ತುಂಬಿದ್ದ ಒಂದು ಸಣ್ಣ ಸಮುದಾಯದ ಹಟದಿಂದ.

ಆ ಹಟ ಎಲ್ಲಿಂದ ಬಂತು ಎಂಬುದು ಇನ್ನೂ ಮುಖ್ಯ. ಬೊಂಬಾಯಿಯ ಎಸ್ಪ್ಲನೇಡ್ ಮೈದಾನದಲ್ಲಿ ಯುರೋಪಿಯನ್ನರ ಜಿಮ್ಖಾನಾಕ್ಕೆ ಬೇರೆಯೇ ಅಚ್ಚುಕಟ್ಟಾದ ಕ್ರಿಕೆಟ್ ಅಂಗಳ. ಅಲ್ಲಿ ದೇಸೀಯರಿಗೆ ಸದಸ್ಯತ್ವ ಇಲ್ಲ. ಉಳಿದ ಬಯಲಿನಲ್ಲಿ ಪಾರ್ಸಿ, ಹಿಂದೂ ಹುಡುಗರು ಆಡಿಕೊಳ್ಳಬೇಕು. ಆದರೆ ಅದೇ ಬಯಲಿನಲ್ಲಿ ಸಾಹೇಬರು ಪೋಲೋ ಆಡಿ ಕುದುರೆ ಗೊರಸಿನಿಂದ ಪಿಚ್ ಅಗೆದು ಹಾಕುತ್ತಿದ್ದರು. 1880ರ ದಶಕದಲ್ಲಿ ಅರ್ಜಿಯ ಮೇಲೆ ಅರ್ಜಿ ಹೋಯಿತು. ಶಾಪೂರ್ಜಿ ಸೊರಾಬ್ಜಿ ಎಂಬಾತ 1897ರಲ್ಲಿ ಈ ಜಗಳದ ಮೇಲೆ ಒಂದು ಪುಸ್ತಕವನ್ನೇ ಬರೆದ. ಭಾರತದ ಕ್ರಿಕೆಟ್ಟಿನ ಮೊದಲ ಪುಸ್ತಕಗಳಲ್ಲೊಂದು ಒಂದು ತುಂಡು ನೆಲದ ತಕರಾರಿನದು! ಮಿಲ್ಲುಗಳ ನಡುವೆ ಪಿಚ್ ಹುಡುಕುವ ನಮ್ಮ ಹುಡುಗರಿಗೆ ಇದು ಯಾರೂ ವಿವರಿಸದೆ ಅರ್ಥವಾಗುತ್ತದೆ.

ಹೀಗಿರುವಾಗ ಜಿ. ಎಫ್. ವೆರ್ನನ್ ತನ್ನ ಇಂಗ್ಲಿಷ್ ತಂಡ ಕಟ್ಟಿಕೊಂಡು ಬಂದ. ಮಿಡ್ಲ್‌ಸೆಕ್ಸ್ ಕೌಂಟಿಯ ಆಟಗಾರ, ಇಂಗ್ಲೆಂಡಿಗೂ ಒಂದು ಟೆಸ್ಟ್ ಆಡಿದ್ದವನು. 1890ರ ಜನವರಿಯಲ್ಲಿ ಅದೇ ಬೊಂಬಾಯಿ ಜಿಮ್ಖಾನಾದ ಅಂಗಳದಲ್ಲಿ ಪಾರ್ಸಿಗಳ ಜೊತೆ ಪಂದ್ಯ. ಎರಡನೇ ಇನ್ನಿಂಗ್ಸ್‌ನಲ್ಲಿ ವೆರ್ನನ್ ತಂಡ 61ಕ್ಕೆ ಉರುಳಿತು. ಪಾವ್ರಿಗೆ 34 ರನ್ನಿಗೆ 7 ವಿಕೆಟ್. ಪಾರ್ಸಿಗಳು 4 ವಿಕೆಟ್‌ಗಳಿಂದ ಗೆದ್ದರು. ಆ ಪ್ರವಾಸದಲ್ಲಿ ವೆರ್ನನ್ ತಂಡ ಸೋತದ್ದು ಅದೊಂದೇ ಪಂದ್ಯ. ಸದಸ್ಯರಾಗಲು ಯೋಗ್ಯತೆಯಿಲ್ಲ ಅನ್ನಿಸಿಕೊಂಡವರು ಆ ಅಂಗಳದಲ್ಲೇ ಆಳುವವರನ್ನು ಸೋಲಿಸಿದ ದಿನ ಅದು. ನಮ್ಮ ಕ್ರಿಕೆಟ್ಟಿಗೆ ಒಂದು ಹುಟ್ಟಿದ ದಿನ ಬೇಕೇ ಬೇಕು ಎಂದರೆ ಅದನ್ನೇ ಇಟ್ಟುಕೊಳ್ಳಬಹುದು.

ಪಾವ್ರಿ ಮುಂದೆ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋದರು. 1895ರಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಗೆ ಒಂದು ಪಂದ್ಯ ಆಡಿದರು. ವೆರ್ನನ್‌ನದೇ ಕೌಂಟಿ! ಎದುರಾಳಿ ಸಸೆಕ್ಸ್. ಒಂದೇ ಪಂದ್ಯ, ಅಷ್ಟೇ. ಡಾಕ್ಟರಾಗಿ ಬೊಂಬಾಯಿಗೆ ಮರಳಿದರು, ಇಲ್ಲೇ ಆಡಿದರು, 1901ರಲ್ಲಿ ಪಾರ್ಸಿ ಕ್ರಿಕೆಟ್ಟಿನ ಬಗ್ಗೆ ಪುಸ್ತಕ ಬರೆದರು, 1946ರಲ್ಲಿ ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಒಂದು ವರ್ಷ ಬಾಕಿ ಇತ್ತು.

ರಣಜಿ ಸಸೆಕ್ಸ್ ಸೇರಿದ್ದೂ ಅದೇ 1895ರಲ್ಲಿ. ಅವರ ಆಟವನ್ನು ನಾನು ಕಡಿಮೆ ಮಾಡಿ ಹೇಳಲಾರೆ, ಹೇಳಿದರೆ ಸುಳ್ಳಾಗುತ್ತದೆ. 1896ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟಿನಲ್ಲೇ 62 ಮತ್ತು ಅಜೇಯ 154; 1899ರಲ್ಲಿ ಒಂದೇ ಋತುವಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ರನ್; ಲೆಗ್ ಗ್ಲಾನ್ಸ್ ಎಂಬ ಹೊಡೆತವನ್ನೇ ಜಗತ್ತಿಗೆ ಕಲಿಸಿದವರು. ಬಣ್ಣದ ಕಾರಣಕ್ಕೆ ಮೂಗು ಮುರಿದ ಇಂಗ್ಲಿಷರನ್ನು ಬ್ಯಾಟಿನಿಂದಲೇ ಎದುರಿಸಿದವರು. ಸಸೆಕ್ಸ್‌ನವರು ಅವರ ಹೆಸರಿನಲ್ಲಿ ಹತ್ತು ಕಪ್ಪು ಇಡಲಿ, ನಾನು ಚಪ್ಪಾಳೆ ತಟ್ಟುತ್ತೇನೆ.

ಆಗ ಭಾರತಕ್ಕೆ ಟೆಸ್ಟ್ ತಂಡವೇ ಇರಲಿಲ್ಲವಲ್ಲ, ರಣಜಿ ಇನ್ಯಾರಿಗೆ ಆಡಬೇಕಿತ್ತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಟೆಸ್ಟ್ ತಂಡ ಬಂದದ್ದು 1932ರಲ್ಲಿ. ಆದರೆ 1911ರಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ ಆಟಗಾರರೆಲ್ಲ ಸೇರಿದ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಅಷ್ಟು ಹೊತ್ತಿಗೆ ರಣಜಿ ನವಾನಗರದ ಜಾಮ್ ಸಾಹೇಬರಾಗಿ ನಾಲ್ಕು ವರ್ಷವಾಗಿತ್ತು. ಆ ತಂಡದಲ್ಲಿ ಅವರಿರಲಿಲ್ಲ. ರಾಜ್ಯಭಾರದ ಕೆಲಸ ಎನ್ನೋಣವೇ? ಮರುವರ್ಷ, 1912ರಲ್ಲಿ, ಸಸೆಕ್ಸ್‌ಗೆ ಆಡಲು ಅವರಿಗೆ ಪುರುಸೊತ್ತು ಸಿಕ್ಕಿತು.

ಆ 1911ರ ತಂಡದಲ್ಲಿ ಇದ್ದವರು ಯಾರು ಗೊತ್ತೇ? ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ. ಚಮ್ಮಾರ ಜಾತಿಯವರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುತ್ತ, ಸಾಹೇಬರಿಗೆ ನೆಟ್ಸ್‌ನಲ್ಲಿ ಚೆಂಡೆಸೆಯುತ್ತ ಕಲಿತ ಎಡಗೈ ಸ್ಪಿನ್. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದ ಸಹ ಆಟಗಾರರು ಚಹಾದ ಹೊತ್ತಿಗೆ ಅವರನ್ನು ಹೊರಗೆ ಕೂರಿಸಿ ಮಣ್ಣಿನ ಲೋಟದಲ್ಲಿ ಕೊಡುತ್ತಿದ್ದರು. ಆ ಪ್ರವಾಸದಲ್ಲಿ ತಂಡ 15 ಪಂದ್ಯ ಸೋತಿತು, ಬಾಳೂ 114 ವಿಕೆಟ್ ತೆಗೆದು ಬಂದರು. ಹಿಂದೂಗಳ ತಂಡಕ್ಕೆ ಅವರನ್ನು ಒಮ್ಮೆಯೂ ನಾಯಕನನ್ನಾಗಿ ಮಾಡಲಿಲ್ಲ. 1923ರಲ್ಲಿ ಆ ಗೌರವ ತಮ್ಮ ವಿಠ್ಠಲನಿಗೆ ಸಿಕ್ಕಿತು.

ಆ ತಂಡದ ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. 1933ರಲ್ಲಿ ರಣಜಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಚಿನ್ನದ ಕಪ್ಪು ಕೊಡುತ್ತೇನೆಂದು 1934ರಲ್ಲಿ ಮುಂದೆ ಬಂದವರೂ ಇವರೇ. ಒಬ್ಬ ರಾಜ ಇನ್ನೊಬ್ಬ ರಾಜನ ಹೆಸರಿಟ್ಟ. ಎದುರಿಗಿದ್ದ ಇನ್ನೊಂದು ಸಲಹೆ ವೈಸರಾಯ್ ವಿಲ್ಲಿಂಗ್ಡನ್ ಹೆಸರು! ಬಾಳೂ ಆಗ ಬೊಂಬಾಯಿಯಲ್ಲಿ ಬದುಕಿದ್ದರು. ಪಾವ್ರಿಯೂ ಬದುಕಿದ್ದರು. ಸಭೆಯಲ್ಲಿ ಕೂತವರಿಗೆ ಇವರು ನೆನಪಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ, ಕಪ್ಪಿಗೆ ಹಣ ಕೊಡುವವನು ಹೆಸರನ್ನೂ ಆರಿಸುತ್ತಾನೆ. ಅಂದಹಾಗೆ, ಆ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ನಮ್ಮ ಮೈಸೂರು, ಮದರಾಸಿನ ಎದುರು ಚೆಪಾಕ್‌ನಲ್ಲಿ. 48 ಮತ್ತು 59ಕ್ಕೆ ಆಲೌಟ್ ಆಗಿ ಒಂದೇ ದಿನದಲ್ಲಿ ಸೋತು ಬಂದರು. ಅಲ್ಲಿಂದ ಎಂಟು ಸಲ ಗೆಲ್ಲುವವರೆಗೆ ಬೆಳೆದದ್ದು ನಮ್ಮದೇ ಬೆವರು, ಅದರಲ್ಲಿ ಜಾಮ್ ಸಾಹೇಬರ ಪಾಲು ಏನೂ ಇಲ್ಲ.

1934ರಲ್ಲಿ ಆದದ್ದು ಆಗಿಹೋಯಿತು. ಆದರೆ ಗಣರಾಜ್ಯವಾಗಿ ಹನ್ನೊಂದು ವರ್ಷ ಕಳೆದ ಮೇಲೆ, 1961ರಲ್ಲಿ, ಹೊಸ ಟ್ರೋಫಿಗೆ ಮತ್ತೆ ಅದೇ ಮನೆಯ ದುಲೀಪರ ಹೆಸರೇ ಏಕೆ ಬೇಕಾಯಿತು? ಬಾಳೂ ತೀರಿಕೊಂಡು ಆಗ ಆರು ವರ್ಷವಾಗಿತ್ತಷ್ಟೆ. ಇದಕ್ಕೆ ಯಾವ ಮಹಾರಾಜನನ್ನೂ ದೂರುವಂತಿಲ್ಲ.

ಹೆಸರು ಬದಲಿಸಿದರೆ ಚರಿತ್ರೆ ಅಳಿಸಿದಂತೆ ಎನ್ನುವವರಿಗೆ ನನ್ನದೊಂದು ಲೆಕ್ಕದ ಉತ್ತರ: ಅಳಿಸುವುದು ಈಗಾಗಲೇ ಆಗಿದೆ, ನವಸಾರಿಯಲ್ಲೂ ಧಾರವಾಡದಲ್ಲೂ. ದುಲೀಪ್ ಟ್ರೋಫಿಯಿಂದ ಶುರು ಮಾಡೋಣ. ಅದಕ್ಕೆ ಬಾಳೂ ಹೆಸರಿಡಿ. ರಣಜಿಯದಕ್ಕೆ ಪಾವ್ರಿ ಎಂದಿಡಿ, ಅಥವಾ ಬರೀ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನಿ, ಅದೂ ಒಪ್ಪಿಗೆ.

ಹುಡುಗನಿಗೆ ಇದನ್ನೆಲ್ಲ ಒಂದು ವಾರದ ಮೇಲೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 34 ರನ್ನಿಗೆ ಏಳಾ, ಪಿಚ್ ಹೇಗಿತ್ತು ಎಂದ.