ಮಕ್ಕಳಿಗೂ ಮುತಖಡಾ ಆಗುತ್ತದೆ: ಮಂಗಳವೇಢೆಯ ಹಿರಿಯರಲ್ಲಿ ಒಂದು ಮನವಿ

ಮಂಗಳವೇಢೆ ತಾಲ್ಲೂಕಿನ ತಾಯಿ-ತಂದೆಯರೇ, ಶಾಲೆಯ ಗುರುಜಿಗಳೇ, ಬಾಯಿಯವರೇ, ಸರಪಂಚರೇ,

ಮುತಖಡಾ, ಅಂದರೆ ಮೂತ್ರದ ಹರಳು, ದೊಡ್ಡವರ ಜಡ್ಡು, ಬಿಸಿಲಲ್ಲಿ ದುಡಿಯುವ ಗಂಡಸರಿಗೆ ಬರುವಂಥದ್ದು, ಕೂಸುಗಳಿಗೆ ಎಲ್ಲಿಂದ ಬರಬೇಕು ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಈ ನಂಬಿಕೆಯಿಂದಾಗಿ ಎಷ್ಟೋ ಮಕ್ಕಳ ನೋವಿಗೆ ಹೆಸರೇ ಸಿಗುವುದಿಲ್ಲ. ಮಕ್ಕಳ ಮೂತ್ರಪಿಂಡದಲ್ಲೂ ಹರಳು ಕಟ್ಟುತ್ತದೆ. ಎರಡು-ಮೂರು ವರ್ಷದ ಕೂಸಿಗೂ ಕಟ್ಟಬಹುದು. ಇದು ಹೊಸ ಕಾಲದ ಸುದ್ದಿಯೂ ಅಲ್ಲ. ಅಶ್ಮರಿ, ಅಂದರೆ ಮೂತ್ರದ ಕಲ್ಲು, ಹೆಚ್ಚಾಗಿ ಮಕ್ಕಳಲ್ಲೇ ಕಾಣುತ್ತದೆ ಎಂದು ಸುಶ್ರುತ ಸಂಹಿತೆಯ ನಿದಾನಸ್ಥಾನ ಹೇಳಿದೆ. ಅಲ್ಲಿ ಹೇಳಿರುವುದು ಮೂತ್ರಕೋಶದ ಕಲ್ಲಿನ ಸಂಗತಿ. ಹಾಲು-ಬೇಳೆ ಕಾಣದೆ ಬರೀ ಧಾನ್ಯದ ಮೇಲೆ ಬೆಳೆದ, ಮೇಲಿಂದ ಮೇಲೆ ಭೇದಿಯಾಗಿ ಒಣಗಿದ ಬಡ ಮಕ್ಕಳಿಗೆ ಆ ಕಲ್ಲು ಬರುತ್ತಿತ್ತು. ಊಟ ಸುಧಾರಿಸಿದ ಹಾಗೆ ಅದು ಕಡಿಮೆಯಾಯಿತು. ಈಗ ವೈದ್ಯರು ಹೆಚ್ಚಾಗಿ ನೋಡುವುದು ಮೂತ್ರಪಿಂಡದಲ್ಲೇ ಕಟ್ಟುವ ಹರಳು.

ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಯಾವಾಗಲೂ ಕರಗಿರುತ್ತವೆ. ದೇಹಕ್ಕೆ ನೀರು ಸಾಲದೆ ಮೂತ್ರ ಗಟ್ಟಿಯಾದಾಗ ಇವು ಕರಗಿ ಉಳಿಯಲಾರದೆ ಕಣಕಣವಾಗಿ ಕೂಡಿಕೊಳ್ಳುತ್ತವೆ. ಉಪ್ಪು ಹೆಚ್ಚು ತಿಂದರೆ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಂ ಹೆಚ್ಚುತ್ತದೆ. ಲಿಂಬೆ, ಮೋಸಂಬಿಯಂಥ ಹಣ್ಣುಗಳಲ್ಲಿರುವ ಸಿಟ್ರೇಟ್ ಹರಳು ಕಟ್ಟದಂತೆ ತಡೆಯುತ್ತದೆ. ಮಕ್ಕಳಲ್ಲಿ ಇದರ ಜೊತೆಗೆ ಬೇರೆ ಕಾರಣಗಳೂ ಸೇರಿರುತ್ತವೆ: ಮೂತ್ರದ ಸೋಂಕು, ಹುಟ್ಟಿನಿಂದಲೇ ಮೂತ್ರನಾಳದಲ್ಲಿರುವ ಅಡೆತಡೆ, ವಂಶದಲ್ಲಿ ಬಂದ ದೋಷ.

ನಮ್ಮದು ಮಳೆನೆರಳಿನ ಸೀಮೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಾಲ್ಲೂಕಿನ ದಕ್ಷಿಣದ ಊರುಗಳು ನೀರಿಗಾಗಿ ದಶಕಗಳಿಂದ ಹೋರಾಡಿವೆ, ಮತದಾನ ಬಹಿಷ್ಕರಿಸಿದ್ದೂ ಉಂಟು. ಹೆಸರಾದ ನಮ್ಮ ಮಾಲದಂಡಿ ಜೋಳ ಎರೆಮಣ್ಣಿನೊಳಗಿನ ತೇವವನ್ನೇ ಹೀರಿ ತೆನೆ ಕಟ್ಟುತ್ತದೆ. ಮಕ್ಕಳು ಹಾಗೆ ಬದುಕಲಾರರು. ಬೋರಿನ ಗಡಸು ನೀರೇ ಹರಳಿಗೆ ಕಾರಣ ಎಂದು ಊರಲ್ಲಿ ಮಾತಾಡುತ್ತಾರೆ. ನೀರಿನ ಗಡಸುತನಕ್ಕಿಂತ, ನೀರು ಕಡಿಮೆ ಕುಡಿಯುವುದೇ ಮುಖ್ಯ ಕಾರಣ. ಆದರೆ ಸವಳು ನೀರು ಬಾಯಿಗೆ ಹಿಡಿಸದೆ ಮಗು ಕುಡಿಯುವುದನ್ನೇ ಬಿಟ್ಟರೆ ಅಲ್ಲಿಂದ ತೊಂದರೆ ಶುರುವಾಗುತ್ತದೆ. ಅದಕ್ಕಾಗಿ ಬಾಯಿಗೆ ಹಿಡಿಸುವ ಶುದ್ಧ ನೀರನ್ನು ಕೇಳುವುದು ಮಕ್ಕಳ ಪಾಲಿಗೆ ಔಷಧ ಕೇಳಿದಷ್ಟೇ ನ್ಯಾಯವಾದದ್ದು.

ನನಗೆ ಹೆಚ್ಚು ಕಳವಳ ಶಾಲೆಯ ಹೊತ್ತಿನದು. ಬೆಳಿಗ್ಗೆ ಒಂದು ಕಪ್ಪು ಚಹಾ ಕುಡಿದು ಹೋದ ಹುಡುಗಿ ಸಂಜೆ ಮನೆಗೆ ಬರುವವರೆಗೆ ನೀರು ಮುಟ್ಟದಿದ್ದರೆ ಅದಕ್ಕೆ ಅವಳ ಹಟ ಕಾರಣವಲ್ಲ. ಶೌಚಾಲಯಕ್ಕೆ ಕೀಲಿ ಹಾಕಿದೆ, ಇಲ್ಲವೇ ಅಲ್ಲಿ ನೀರಿಲ್ಲ, ಇಲ್ಲವೇ ಬಾಗಿಲಿಗೆ ಚಿಲಕವಿಲ್ಲ. ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ ಎಂದು ಅವಳು ಕುಡಿಯುವುದಿಲ್ಲ. ಬಂದದ್ದನ್ನು ತಾಸುಗಟ್ಟಲೆ ತಡೆದರೆ ಸೋಂಕು ಸುಲಭವಾಗಿ ತಗಲುತ್ತದೆ, ಕೆಲವು ಸೋಂಕುಗಳಿಂದಲೇ ಬೇಗ ಬೆಳೆಯುವ ದೊಡ್ಡ ಕಲ್ಲು ಕಟ್ಟುತ್ತದೆ. ಎಲ್ಲ ಶಾಲೆಗಳಲ್ಲೂ ಕುಡಿಯುವ ನೀರು, ಶೌಚಾಲಯ ಇರಲೇಬೇಕು ಎಂದು ಸುಪ್ರೀಂ ಕೋರ್ಟು 2012ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಅದೇ ಇದೆ. ಗಡಿಯಾಚೆ ಕರ್ನಾಟಕದ ಶಾಲೆಗಳಲ್ಲಿ 2019ರಲ್ಲಿ ನೀರಿನ ಗಂಟೆ ಬಾರಿಸಲು ಸರಕಾರ ಸೂಚಿಸಿತು. ಅದಕ್ಕೆ ದಾರಿ ತೋರಿದ್ದು ಕೇರಳದ ಶಾಲೆಗಳು. ಗಂಟೆ ಬಾರಿಸಿದಾಗ ಮಕ್ಕಳೆಲ್ಲ ಒಟ್ಟಿಗೆ ನೀರು ಕುಡಿಯುತ್ತಾರೆ. ಖರ್ಚಿಲ್ಲದ ಕೆಲಸ. ನಮ್ಮ ಕನ್ನಡ ಶಾಲೆಯಲ್ಲಿ, ಪಕ್ಕದ ಮರಾಠಿ ಶಾಲೆಯಲ್ಲಿ ಇದನ್ನು ಶುರುಮಾಡಲು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ.

ತಾಯಂದಿರೇ, ಹರಳು ಇದ್ದ ದೊಡ್ಡವರು ಬೆನ್ನು ಹಿಡಿದುಕೊಂಡು ಹೊರಳಾಡುತ್ತಾರೆ. ಸಣ್ಣ ಮಕ್ಕಳು ಹಾಗೆ ತೋರಿಸುವುದಿಲ್ಲ. "ಹೊಟ್ಟಿ ಬ್ಯಾನಿ" ಎಂದಷ್ಟೇ ಹೇಳಿ ಹೊಕ್ಕಳ ಮೇಲೆ ಕೈ ಇಡುತ್ತಾರೆ. ಜಂತುಹುಳ ಎಂದು ಒಂದು ಗುಳಿಗೆ ನುಂಗಿಸುತ್ತೇವೆ, ದೃಷ್ಟಿ ತೆಗೆಯುತ್ತೇವೆ, ಶಾಲೆ ತಪ್ಪಿಸುವ ನೆವ ಎಂದು ಗದರುತ್ತೇವೆ. ಹೊಟ್ಟೆನೋವು ಮತ್ತೆ ಮತ್ತೆ ಬಂದರೆ, ಮೂತ್ರ ಕೆಂಪಗೆ ಅಥವಾ ಚಹಾದ ಬಣ್ಣದಲ್ಲಿ ಹೋದರೆ, ಒಂದಕ್ಕೆ ಕೂತಾಗ ಮಗು ಅತ್ತರೆ, ಧಾರೆ ನಡುವೆ ನಿಂತುಹೋದರೆ ಮೂತ್ರಪರೀಕ್ಷೆ ಮತ್ತು ಸೋನೋಗ್ರಾಫಿ ಮಾಡಿಸಿ. ಸೋನೋಗ್ರಾಫಿಯಿಂದ ಮಗುವಿಗೆ ನೋವಿಲ್ಲ, ವಿಕಿರಣವೂ ತಾಗುವುದಿಲ್ಲ. ನೋವಿನ ಜೊತೆ ಚಳಿಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಮೂತ್ರವೇ ಕಟ್ಟಿಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ಅಡ್ಡಗಟ್ಟಿದ ಮೂತ್ರಪಿಂಡಕ್ಕೆ ಸೋಂಕು ತಗಲಿದರೆ ತಾಸುಗಳಲ್ಲೇ ಜೀವಕ್ಕೆ ಕುತ್ತು. ಆ ರಾತ್ರಿಯೇ ದವಾಖಾನೆಗೆ ಒಯ್ಯಿರಿ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಡುವುದೂ ಬೇಡ. ನೀರು ಬತ್ತಿದ ಮೈಗೆ ಐಬುಪ್ರೊಫೆನ್‌ನಂಥ ಗುಳಿಗೆಗಳು ಮೂತ್ರಪಿಂಡವನ್ನೇ ಕೆಡಿಸಬಲ್ಲವು.

ಹರಳು ಸಿಕ್ಕಿತೆಂದರೆ ಎಲ್ಲಕ್ಕೂ ಕೊಯ್ಯುವುದೇ ದಾರಿಯಲ್ಲ. ನಾಲ್ಕೈದು ಮಿಲಿಮೀಟರಿನೊಳಗಿನವು ಎಷ್ಟೋ ಸಲ ತಾವೇ ಜಾರಿ ಬೀಳುತ್ತವೆ. ದೊಡ್ಡವನ್ನು ಹೊರಗಿನ ತರಂಗಗಳಿಂದ ಪುಡಿಮಾಡುತ್ತಾರೆ, ಇಲ್ಲವೇ ಸಣ್ಣ ದುರ್ಬೀನಿನಿಂದ ತೆಗೆಯುತ್ತಾರೆ. ಬಿದ್ದ ಹರಳನ್ನು ಎಸೆಯಬೇಡಿ. ಮಗುವಿನ ಮೂತ್ರವನ್ನು ತೆಳು ಬಟ್ಟೆಯಲ್ಲಿ ಸೋಸಿ, ಸಿಕ್ಕ ಹರಳನ್ನು ಡಬ್ಬಿಯಲ್ಲಿಟ್ಟು ಡಾಕ್ಟರಿಗೆ ಕೊಡಿ. ಅದು ಯಾವ ಜಾತಿಯ ಹರಳು ಎಂದು ತಿಳಿದರೆ ಅರ್ಧ ಕಾರಣ ತಿಳಿದ ಹಾಗೆ. ಕಲ್ಲು ಹೋಯಿತು, ಕೆಲಸ ಮುಗಿಯಿತು ಎಂದು ಮನೆಗೆ ಬರುವುದೇ ಬಹಳ ಕುಟುಂಬಗಳು ಮಾಡುವ ತಪ್ಪು. ಮಕ್ಕಳಲ್ಲಿ ಹರಳು ಮರುಕಳಿಸುವುದು ಹೆಚ್ಚು. 24 ತಾಸಿನ ಮೂತ್ರ ಕೂಡಿಸಿ ಪರೀಕ್ಷೆ ಮಾಡಿಸಬೇಕೇ, ರಕ್ತದಲ್ಲಿ ಏನು ನೋಡಬೇಕು ಎಂದು ನೀವೇ ಕೇಳಿ.

ಒಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಸೀಮೆಯ ರೂಢಿ. ಸಿಸ್ಟಿನ್ ಹರಳು, ಹುಟ್ಟಿನಿಂದ ಬರುವ ಆಕ್ಸಲೇಟ್ ದೋಷ ತಂದೆ-ತಾಯಿ ಇಬ್ಬರ ಕಡೆಯಿಂದಲೂ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆಗಳು, ರಕ್ತಸಂಬಂಧದ ಮದುವೆಯಲ್ಲಿ ಅವುಗಳ ಸಂಭವ ಹೆಚ್ಚು. ಆಕ್ಸಲೇಟ್ ದೋಷ ಗುರುತಾಗದೆ ಉಳಿದರೆ ಮೂತ್ರಪಿಂಡವೇ ಸೋಲಬಹುದು. ಆದ್ದರಿಂದ ಸಂಬಂಧದಲ್ಲಿ ಮದುವೆಯಾಗಿದ್ದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ನಿಮ್ಮ ಮೇಲೆ ತಪ್ಪು ಹೊರಿಸುವುದಕ್ಕಲ್ಲ, ಮಗುವಿಗೆ ಸರಿಯಾದ ತಪಾಸಣೆ ಆಗುವುದಕ್ಕೆ ಅದು ಬೇಕು.

ಮನೆಯಲ್ಲಿ ಏನು ಮಾಡಬೇಕು? ಹರಳು ಒಮ್ಮೆ ಆದ ಮಗು ದಿನಕ್ಕೆ ಕುಡಿಯಬೇಕಾದದ್ದು ಸುಮಾರಾಗಿ ಇಷ್ಟು: ಐದು ವರ್ಷದೊಳಗೆ 1 ಲೀಟರು, ಐದರಿಂದ ಹತ್ತರವರೆಗೆ ಒಂದೂವರೆ, ಹತ್ತು ದಾಟಿದ ಮೇಲೆ 2 ಲೀಟರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೃದಯ ಅಥವಾ ಮೂತ್ರಪಿಂಡ ದುರ್ಬಲವಿದ್ದರೆ ಮಾತ್ರ ಡಾಕ್ಟರು ಹೇಳಿದಷ್ಟೇ ಕೊಡಿ. ಆರು ತಿಂಗಳೊಳಗಿನ ಕೂಸಿಗೆ ತಾಯಿಹಾಲು ಸಾಕು, ನೀರು ಬೇಡ. ಮೂತ್ರ ತಿಳಿಯಾಗಿದ್ದರೆ ಕುಡಿದದ್ದು ಸಾಕಾಗಿದೆ ಎಂದು ತಿಳಿಯಿರಿ. ಉಪ್ಪಿನಕಾಯಿ, ಚಿಪ್ಸಿನ ಪಾಕೀಟು ಕಡಿಮೆ ಮಾಡಿ. ಕಲ್ಲು ಕ್ಯಾಲ್ಸಿಯಂನದು ಎಂದು ಕೇಳಿ ಹಾಲು-ಮೊಸರು ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ, ಬೆಳೆಯುವ ಎಲುಬಿಗೂ ಅದು ಬೇಕು. ಹುರಳಿ ಕಟ್ಟು ಊಟದ ಜೊತೆ ಇರಲಿ, ಆದರೆ ಅದನ್ನೋ ಪಾನಫುಟಿ ಎಲೆಯನ್ನೋ ನಂಬಿ ತಪಾಸಣೆ ಮುಂದೂಡಬೇಡಿ. ಬಿಯರು ಕುಡಿದರೆ ಕಲ್ಲು ಬೀಳುತ್ತದೆ ಎಂಬ ಮಾತು ಮಕ್ಕಳ ಕಿವಿಗೂ ಬೀಳಬಾರದು.

ಹಣದ ಭಯದಿಂದ ಸುಮ್ಮನಿರಬೇಡಿ. ಸೊಲ್ಲಾಪುರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆ, ನಾವೆಲ್ಲ ಸಿವ್ಹಿಲ್ ಎನ್ನುವುದು, ಇದೆ. ಮೂತ್ರಾಂಗದ ಶಸ್ತ್ರಚಿಕಿತ್ಸೆಗಳು ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಸೇರಿವೆ. ರೇಶನ್ ಕಾರ್ಡು, ಆಧಾರ್ ಒಯ್ದು ಅಲ್ಲಿಯ ಆರೋಗ್ಯಮಿತ್ರರನ್ನು ಕಾಣಿರಿ. ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರಿಗೂ ಮಗುವಿನ ಹೊಟ್ಟೆನೋವನ್ನು ಹೇಳಿ. ಮರಾಠಿ ಬಾರದ ತಾಯಿ ಒಬ್ಬಳೇ ಹೊರಟಿದ್ದರೆ ಓಣಿಯ ಓದಿದ ಹುಡುಗರು ಜೊತೆಗೆ ಹೋಗಿರಿ. ಮಗುವಿನ ನೋವು ಎಂದಿನಿಂದ, ಹೇಗೆ ಎಂಬುದು ಡಾಕ್ಟರಿಗೆ ಸರಿಯಾಗಿ ಮುಟ್ಟಬೇಕು.

ಬರಗಾಲದಲ್ಲಿ ಸುಲ್ತಾನನ ಕಣಜ ತೆರೆದು ಹಸಿದವರಿಗೆ ಹಂಚಿದ ದಾಮಾಜಿ ಪಂತರ ಊರು ಇದು. ಸರಪಂಚರೇ, ನಿಮ್ಮ ಕೈಯಲ್ಲಿರುವುದು ಜನರದೇ ಹಣ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ಪಂಚಾಯತಿಗಳಿಗೆಂದು ಹೇಳಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಅದರಲ್ಲಿ ಶಾಲೆಗೆ ಎಷ್ಟು ಮುಟ್ಟಿತು ಎಂಬ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ. ತಾಯಿ-ತಂದೆಯರೇ, ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ನೀವೇ. ಗುರುಜಿಗಳ ಜೊತೆ ಕೂತು ಮಾತಾಡುವ ಹಕ್ಕು ನಿಮಗಿದೆ. ಹುಲಜಂತಿಯಿಂದ ಮರವಡೆಯವರೆಗೆ ಎಲ್ಲ ಊರುಗಳಲ್ಲೂ ಬರುವ ಗ್ರಾಮಸಭೆಯಲ್ಲಿ ಮೂರು ಠರಾವು ಮಾಡಿಸಿ: ಶಾಲೆಯಲ್ಲಿ ದಿನಕ್ಕೆ ಮೂರು ಸಲ ನೀರಿನ ಗಂಟೆ, ಕೀಲಿ ಇಲ್ಲದ ನೀರಿರುವ ಶೌಚಾಲಯ, ಬೇಸಿಗೆಯಲ್ಲಿ ಟ್ಯಾಂಕರು ಬಂದರೆ ಮೊದಲ ಕೊಡ ಶಾಲೆಗೆ.