ಉಣಕಲ್ ಧೂಳಿಗೆ ಎರೆಮಣ್ಣೊಂದೇ ಹೊಣೆಯೇ?

ಗಾಳಿಯ ಗುಣಮಟ್ಟದಲ್ಲಿ ರಾಷ್ಟ್ರೀಯ ಮಾನದಂಡವನ್ನು ಮುಟ್ಟದ ನಗರಗಳಿಗಾಗಿ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದಿಂದ ಅದರೊಳಗೆ ಬಂದ ನಾಲ್ಕರಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಇದು ಎರೆಮಣ್ಣಿನ ಸೀಮೆ, ಬೇಸಿಗೆಯಲ್ಲಿ ಧೂಳು ಏಳುವುದು ಸಹಜ ಎಂಬ ಸಮಾಧಾನ ಇಲ್ಲಿ ಸುಲಭವಾಗಿ ಸಿಗುತ್ತದೆಯಾದರೂ, ಅದು ಅಳತೆಯ ಬಲವಿಲ್ಲದ ಸಮಾಧಾನ.

ಹುಬ್ಬಳ್ಳಿಯ ಉಣಕಲ್ ಕೆರೆಯ ಪಕ್ಕದ ಹೆದ್ದಾರಿಯಲ್ಲಿ ಎರಡು ಬಗೆಯ ಕಣಗಳು ಬೆರೆತಿರುತ್ತವೆ. ರಸ್ತೆಯಂಚಿನ ಮಣ್ಣು ಚಕ್ರಕ್ಕೆ ಸಿಕ್ಕು ಪುಡಿಯಾಗಿ ಏಳುವ ಧೂಳು ಬಹುಮಟ್ಟಿಗೆ ದಪ್ಪ ಕಣ. 10 ಮೈಕ್ರಾನ್‌ವರೆಗಿನ ವ್ಯಾಸದ ಎಲ್ಲ ಕಣಗಳನ್ನು ಒಟ್ಟಾಗಿ ತೂಗುವ ಪಿಎಂ10 ಎಂಬ ಅಳತೆಯಲ್ಲಿ ಅದರದೇ ಮೇಲುಗೈ. ಡೀಸೆಲ್ ಮತ್ತು ಸುಡುವ ಕಸದ ಹೊಗೆಯಿಂದ ಬರುವ, 2.5 ಮೈಕ್ರಾನ್‌ಗಿಂತ ಸಣ್ಣದಾದ ಪಿಎಂ2.5 ಕಣಗಳಾದರೋ ತೂಕದಲ್ಲಿ ಕಡಿಮೆಯಿದ್ದರೂ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಸೋಸುಹಾಳೆಯ ಮೇಲೆ ಹಿಡಿದ ಕಣಗಳಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಎಷ್ಟು, ಮಸಿಯ ಇಂಗಾಲ ಎಷ್ಟು ಎಂದು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದರೆ ಮಣ್ಣಿನ ಪಾಲೂ ಹೊಗೆಯ ಪಾಲೂ ಬೇರೆಬೇರೆಯಾಗಿ ತಿಳಿಯುತ್ತದೆ. ಮೂಲ ವಿಂಗಡಣೆ ಎಂದು ಕರೆಯುವ ಈ ಕೆಲಸವಿಲ್ಲದೆ ಎರೆಮಣ್ಣನ್ನು ದೂರುವುದೂ, ಅವಳಿನಗರದ ನಡುವೆ ಓಡುವ ಚಿಗರಿ ಬಸ್ಸುಗಳನ್ನೋ ಲಾರಿಗಳನ್ನೋ ದೂರುವುದೂ ಒಂದೇ ಬಗೆಯ ಊಹೆ.

ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ಶೇಕಡಾ 64ರಷ್ಟು ದೇಶದಾದ್ಯಂತ ರಸ್ತೆ ಧೂಳಿನ ನಿಯಂತ್ರಣಕ್ಕೇ ಹೋಗಿದೆ ಎಂದು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್‌ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ಹಾಕಿತು. ನಗರಗಳ ಸಾಧನೆಯನ್ನು ಪಿಎಂ10ರಿಂದಲೇ ಅಳೆಯುತ್ತಿರುವಾಗ ಹಣ ಗುಡಿಸುವ ಯಂತ್ರಕ್ಕೂ ನೀರು ಚಿಮುಕಿಸುವ ಟ್ಯಾಂಕರಿಗೂ ಹರಿಯುವುದು ಅನಿವಾರ್ಯ. ಹೊಗೆ ಮಾತ್ರ ಇದ್ದಲ್ಲೇ ಇರುತ್ತದೆ. ಮಳೆ ಬಿದ್ದ ತಿಂಗಳುಗಳಲ್ಲಿ ತಾನಾಗಿಯೇ ಇಳಿಯುವ ಅಂಕಿಯನ್ನು ಬೇಸಿಗೆಯ ಅಂಕಿಯ ಪಕ್ಕದಲ್ಲಿಟ್ಟು ಸುಧಾರಣೆ ಎನ್ನುವುದಂತೂ ಜನರಿಗೆ ಮಾಡುವ ಅನ್ಯಾಯ.

ಭಾರತೀಯ ಮಾನಕದ ಪ್ರಕಾರ 1 ಲಕ್ಷದಿಂದ 10 ಲಕ್ಷ ಜನರಿರುವ ನಗರದಲ್ಲಿ ಕಣಮಾಲಿನ್ಯ ಅಳೆಯಲು ಕನಿಷ್ಠ 4 ಕೇಂದ್ರಗಳೂ ಅದರ ಮೇಲೆ ಪ್ರತಿ ಲಕ್ಷಕ್ಕೆ 0.6ರಂತೆ ಹೆಚ್ಚುವರಿ ಕೇಂದ್ರಗಳೂ ಬೇಕು. 2011ರ ಜನಗಣತಿಯಲ್ಲಿದ್ದ ಅವಳಿನಗರದ 9.43 ಲಕ್ಷ ಜನರಿಗೆ ಈ ಕೇಂದ್ರಗಳ ಸಂಖ್ಯೆ ಒಂಬತ್ತನ್ನು ಮೀರುತ್ತದೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ನಿರಂತರ ಮಾಪನ ಕೇಂದ್ರವು ಕೆಲವು ಕಿಲೋಮೀಟರ್ ಆಚೆಯ ಉಣಕಲ್ ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿಯ ಉಸಿರಿಗೆ ಸಾಕ್ಷಿಯಾಗಲಾರದು. ಆ ಕ್ರಾಸಿನಲ್ಲೊಂದು, ಕೆರೆಯ ದಂಡೆಯಲ್ಲೊಂದು ಪಿಎಂ2.5 ಮಾಪಕವನ್ನು ನಿಲ್ಲಿಸಿ, ಕಣಗಳ ರಾಸಾಯನಿಕ ವಿಶ್ಲೇಷಣೆಯನ್ನು ಅವಳಿನಗರದಲ್ಲೇ ಇರುವ ವಿಶ್ವವಿದ್ಯಾಲಯಗಳಿಗೂ ಧಾರವಾಡದ ಐಐಟಿಗೂ ವಹಿಸಿ, ಬರುವ ಅಂಕಿಗಳನ್ನು ಮುಂದಿನ ಟ್ಯಾಂಕರ್ ಟೆಂಡರಿಗೆ ಮೊದಲೇ ಪಾಲಿಕೆಯ ಸಭೆಯ ಮುಂದಿಡಬೇಕು.